ಫ್ಯಾನ್ ಬಿಚ್ಚಿ ನೋಡಿ ಮಾರಾಯ್ರೇ

ಇವತ್ತು ದಕ್ಕೆಯಲ್ಲಿ (ದೋಣಿ ಕಟ್ಟುವ ಕಟ್ಟೆಯಲ್ಲಿ) ಮತ್ತದೇ ನಾಟಕ. ಔಟ್‌ಬೋರ್ಡ್ (ಹಿಂಬದಿಗೆ ತಗಲಿಸುವ ಇಂಜಿನ್) ಹಾಕಿದ ನಾಡದೋಣಿ, ಫ್ಯಾನಿಗೆ, ಅಂದರೆ ನೀರಲ್ಲಿ ತಿರುಗಿ ದೋಣಿ ತಳ್ಳುವ ಪ್ರೊಪೆಲ್ಲರಿಗೆ, ಬಲೆಯ ತುಂಡು ಸುತ್ತಿತ್ತು. ಒಬ್ಬ ಇಂಜಿನ್ ಎತ್ತಿ ಹಿಡಿದ, ಇನ್ನೊಬ್ಬ ಚೂರಿ ಹಾಕಿ ಕಂಡಷ್ಟನ್ನು ಕೊಯ್ದು ನೀರಿಗೇ ಎಸೆದ (ನಾಳೆ ಬೇರೆಯವರ ಫ್ಯಾನಿಗೆ ಬೇಕಲ್ಲ!). ಸ್ಟಾರ್ಟ್ ಮಾಡಿ ಹೊರಟೇಬಿಟ್ಟರು. ಫ್ಯಾನ್ ಕಳಚಿ ಹಿಂದೆ ಏನುಂಟು ಅಂತ ನೋಡಿದ ಪುಣ್ಯಾತ್ಮ ಒಬ್ಬನೂ ಇಲ್ಲ.

"ಹಗ್ಗ ತೆಗೆದಾಯ್ತಲ್ಲ, ಇನ್ನೆಂಥ?" ಅನ್ನುವವರಿಗೇ ಇದನ್ನು ಬರೆಯುತ್ತಿದ್ದೇನೆ. ರೆಕ್ಕೆಗೆ ಸುತ್ತಿದ ಹಗ್ಗ ಕಣ್ಣಿಗೆ ಕಾಣುತ್ತದೆ, ಅದರಿಂದ ದೊಡ್ಡ ಭಯ ಇಲ್ಲ. ಇಂಜಿನ್ ತಿನ್ನುವುದು ಫ್ಯಾನಿನ ಬುಡಕ್ಕೂ ಗೇರ್ ಕೇಸಿಗೂ (ಗೇರ್ ಇರುವ ಪೆಟ್ಟಿಗೆ) ನಡುವಿನ ಸಂದಿಗೆ ಹೊಕ್ಕ ನೈಲಾನ್ ಎಳೆ. ಫ್ಯಾನ್ ಕೂತ ಶಾಫ್ಟ್ ತಿರುಗಿದಷ್ಟೂ ಅದು ಬಿಗಿಯಾಗುತ್ತಾ, ಗೇರಿನ ಆಯಿಲನ್ನು ಒಳಗೆ ತಡೆದಿಡುವ ಆಯಿಲ್ ಸೀಲಿನ ರಬ್ಬರ್ ಅಂಚನ್ನು ಕೊಯ್ಯುತ್ತದೆ. ಆಮೇಲೆ ಆಯಿಲ್ ಹೊರಗೆ, ಉಪ್ಪುನೀರು ಒಳಗೆ. ಬೇರಿಂಗಿಗೆ ತುಕ್ಕು, ಗೇರ್ ಹಲ್ಲು ಸವೆತ. ಇದು ಅಂದೇ ಗೊತ್ತಾಗುವುದಿಲ್ಲ ನೋಡಿ, ಅದಕ್ಕೇ ಯಾರಿಗೂ ತಾಗುವುದಿಲ್ಲ. ಗೇರ್ ಹೋದ ದಿನ ಮಾತ್ರ ಮೆಕ್ಯಾನಿಕ್‌ಗೆ ಬೈಗುಳ, ಆಯಿಲ್ ಮಾರಿದವನಿಗೆ ಬೈಗುಳ.

"ಸಮುದ್ರದ ಮಧ್ಯೆ, ತೆರೆಯಲ್ಲಿ ನಟ್ ಬಿಚ್ಚಲಿಕ್ಕೆ ಆಗ್ತದಾ?" ಅಂತ ಕೇಳ್ತೀರಿ. ಆಗುವುದಿಲ್ಲ, ಯಾರು ಹೇಳಿದ್ದು? ಅಲ್ಲಿ ಮಾಡಬೇಕಾದ್ದು ಬೇರೆ. ಇಂಜಿನ್ ಪೂರ್ತಿ ಬಂದ್ ಮಾಡಿ, ಇಂಜಿನ್ ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಕಿತ್ತು ಕಿಸೆಗೆ ಹಾಕಿ, ಲಂಗರು ಬಿಡಿ. ಗೇರ್ ನ್ಯೂಟ್ರಲ್‌ಗೆ ತಂದು ಇಂಜಿನ್ ಎತ್ತಿ. ಸಾಮಾನ್ಯ ಫ್ಯಾನ್ ಮುಂದಕ್ಕೆ ಓಡುವಾಗ ಹಿಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಆಗ ಸುತ್ತಿದ್ದನ್ನು ಬಿಡಿಸಲು ಕೈಯಲ್ಲಿ ಅದರ ಉಲ್ಟಾ ತಿರುಗಿಸುತ್ತಾ ಹಗ್ಗದ ತುದಿ ಎಳೆಯಬೇಕು. ಮುಕ್ಕಾಲು ಪಾಲು ಹಾಗೇ ಬಿಟ್ಟುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ಸುಮಾರು 160 ಡಿಗ್ರಿಗೇ ಕರಗುತ್ತದೆ, ಉಜ್ಜಿದ ಬಿಸಿಗೆ ಕರಗಿ ಕಲ್ಲಾಗಿದ್ದರೆ ಚೂರಿ ಸಾಲದು. ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ, ಫ್ಯಾನಿನ ಬುಡದ ಮೇಲೆ ಶಾಫ್ಟಿನ ಉದ್ದಕ್ಕೆ ಕೊಯ್ಯಿರಿ. ಸಂದಿಗೆ ಬ್ಲೇಡ್ ತೂರಿಸಬೇಡಿ, ಸೀಲನ್ನು ನೀವೇ ಹರಿದಂತಾಗುತ್ತದೆ.

ಇದೆಲ್ಲ ಬಿಟ್ಟು ಗೇರ್ ಹಿಂದೆ ಮುಂದೆ, ಹಿಂದೆ ಮುಂದೆ ಹಾಕುವ ಶೂರರಿದ್ದಾರೆ. ಸಡಿಲ ಹಗ್ಗ ಒಂದೊಂದು ಸಲ ರಿವರ್ಸಿಗೆ ಕಳಚಿಕೊಳ್ಳುತ್ತದೆ, ಒಪ್ಪೋಣ. ಬಿಗಿದ ಬಲೆ ಮಾತ್ರ ಉಲ್ಟಾ ಸುತ್ತಿ ಇನ್ನೊಂದು ಪದರ ಏರುತ್ತದೆ, ಒಳಗಿನದು ಸಂದಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ.

ದಡಕ್ಕೆ ಬಂದ ಮೇಲೆ ಏನು ನೆಪ? ನಟ್ ಕಳಚದಂತೆ ಹಿಡಿಯುವ ಸ್ಪ್ಲಿಟ್ ಪಿನ್ ತೆಗೆಯಿರಿ. ಫ್ಯಾನ್ ತಿರುಗದಂತೆ ರೆಕ್ಕೆಗೂ ಮೇಲಿನ ಪ್ಲೇಟಿಗೂ ನಡುವೆ ಮರದ ತುಂಡು ಕೊಟ್ಟು ನಟ್ ಬಿಚ್ಚಿ. ವಾಷರ್, ಫ್ಯಾನ್, ಅದರ ಹಿಂದಿನ ದಪ್ಪ ವಾಷರ್ ಬಂದ ಕ್ರಮದಲ್ಲೇ ಸಾಲಾಗಿಡಿ. ಈಗ ನೋಡಿ, ಶಾಫ್ಟಿನ ಬುಡದಲ್ಲಿ ಕೂದಲಿನಷ್ಟು ತೆಳ್ಳಗಿನ ಎಳೆಗಳು ಕರಗಿ ಉಂಗುರದಂತೆ ಕೂತಿರುತ್ತವೆ. ಚಿಮುಟದಲ್ಲಿ ಪೂರ್ತಿ ಬಿಡಿಸಿ. ಆಮೇಲೆ ಇಂಜಿನ್ ನೆಟ್ಟಗಿಟ್ಟು ಸ್ವಲ್ಪ ಹೊತ್ತು ಬಿಟ್ಟು, ಕೆಳಗಿನ ಡ್ರೇನ್ ಸ್ಕ್ರೂ ಒಂಚೂರು ಸಡಿಲಿಸಿ. ಮೊದಲು ನೀರು ಬಂದರೆ ಅಥವಾ ಆಯಿಲ್ ಹಾಲು ಹಾಕಿದ ಚಹಾದ ಹಾಗಿದ್ದರೆ ಸೀಲ್ ಹೋಗಿದೆ. ಸೀಲ್ ಬದಲಿಸದೆ ಆಯಿಲ್ ಮಾತ್ರ ಹೊಸದು ಹಾಕುವುದು ದುಡ್ಡನ್ನು ಅಳಿವೆಗೆ (ಹೊಳೆ ಸಮುದ್ರ ಸೇರುವಲ್ಲಿಗೆ) ಸುರಿದ ಹಾಗೆ. ತುಂಬಿಸುವಾಗ ಕೆಳಗಿನ ತೂತಿನಿಂದಲೇ ತುಂಬಿಸಬೇಕು. ಮೇಲಿನ ತೂತಿನಲ್ಲಿ ಆಯಿಲ್ ಬಂದ ಮೇಲೆ ಮೊದಲು ಮೇಲಿನ ಸ್ಕ್ರೂ, ನಂತರ ಕೆಳಗಿನದು. ಇಲ್ಲದಿದ್ದರೆ ಒಳಗೆ ಗಾಳಿ ಉಳಿಯುತ್ತದೆ.

ಟ್ರಾಲ್ ಬೋಟಿನವರು ನಗಬೇಡಿ, ನಿಮ್ಮದೂ ಇದೇ ಕಥೆ. ಬಲೆ ಸುತ್ತಿದ ಏಟಿಗೆ ಶಾಫ್ಟ್ ಅಲುಗಿದರೆ ಸ್ಟರ್ನ್ ಟ್ಯೂಬಿನ (ಶಾಫ್ಟ್ ಬೋಟಿನಿಂದ ಹೊರಹೋಗುವ ಕೊಳವೆ) ಗ್ಲ್ಯಾಂಡಿನಲ್ಲಿ, ಅಂದರೆ ನೀರು ತಡೆಯುವ ಬಿಗಿತದಲ್ಲಿ, ಹನಿಹನಿ ಬರುವ ನೀರು ಧಾರೆಯಾಗುತ್ತದೆ. ಇಂಜಿನ್ನಿಗೂ ಶಾಫ್ಟಿಗೂ ಜೋಡಿಸುವ ಕಪ್ಲಿಂಗಿನ ಬೋಲ್ಟು, ಬೇರಿಂಗ್ ಸವೆತ ಎರಡನ್ನೂ ನೋಡಿಸಬೇಕು. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಬೋಟಿಗೆ ಬಣ್ಣ ಹೊಡೆಸಲು ಪುರುಸೊತ್ತುಂಟು, ಫ್ಯಾನ್ ಬಿಚ್ಚಿಸಲು ಇಲ್ಲ. ಆಗಸ್ಟಿನಲ್ಲಿ ಹೊರಟರೆ ಮಳೆಗಾಲದಲ್ಲಿ ಹೊಳೆ ತಂದು ಹಾಕಿದ ಗೋಣಿ, ಪ್ಲಾಸ್ಟಿಕ್, ಹಗ್ಗ ಎಲ್ಲ ಅಳಿವೆಯಲ್ಲೇ ಕಾದಿರುತ್ತದೆ.

ಶಾಫ್ಟಿಗೆ ಹಗ್ಗ ಕತ್ತರಿಸುವ ಬ್ಲೇಡ್ ಸಿಗ್ತದಲ್ಲ ಅಂತ ಕಾಮೆಂಟ್ ಹಾಕುವವರಿದ್ದೀರಿ. ಸಿಗ್ತದೆ, ಹಗ್ಗಕ್ಕೆ ಒಳ್ಳೆಯದೇ. ಆದರೆ ತೆಳು ಎಳೆ ಅದನ್ನೂ ದಾಟಿ ಒಳಗೆ ಹೋಗುತ್ತದೆ. ಬ್ಲೇಡ್ ಇದ್ದರೂ ಫ್ಯಾನ್ ಬಿಚ್ಚಲೇಬೇಕು.

ಕೊನೆಗೆ ಸಿಟ್ಟಿನ ಇನ್ನೊಂದು ಮಾತು. ವಾಪಸ್ ಕೂರಿಸುವಾಗ ಶಾಫ್ಟಿನ ಹಲ್ಲಿಗೆ ಗ್ರೀಸ್ ಹಚ್ಚಿ, ಸ್ಟೇನ್‌ಲೆಸ್‌ನ ಹೊಸ ಸ್ಪ್ಲಿಟ್ ಪಿನ್ ಹಾಕಿ. ಪಿನ್ನಿನ ತೂತಿನಲ್ಲಿ ತಾಮ್ರದ ವೈರ್ ತುಂಡೋ, ಬಗ್ಗಿಸಿದ ಮೊಳೆಯೋ ಕಂಡರೆ ನನ್ನ ಬಿಪಿ ಏರುತ್ತದೆ. ಪಿನ್ನಿಗೆ ಎಷ್ಟು ರೂಪಾಯಿ ಆಗ್ತದೆ, ನಟ್ ಸಮೇತ ಫ್ಯಾನ್ ನೀರಿಗೆ ಬಿದ್ದರೆ ಎಷ್ಟು ಆಗ್ತದೆ, ನೀವೇ ಲೆಕ್ಕ ಹಾಕಿ.