ಒಬ್ಬ ವರನಿಗೆ ಮೂರು ಜಾತಕ

ನ್ಯೂಜೆರ್ಸಿಯಲ್ಲಿರುವ ನನ್ನ ಅಣ್ಣನ ಮಗ, ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯನ್ನು ಮೂರು ಬಾರಿ ಬರೆದಿದ್ದಾನೆ. ಮಾರ್ಚ್‌ನಲ್ಲಿ ಗಣಿತಕ್ಕೆ 760, ಇಂಗ್ಲಿಷಿಗೆ 640. ಆಗಸ್ಟ್‌ನಲ್ಲಿ ಇಂಗ್ಲಿಷ್ 730ಕ್ಕೆ ಏರಿತು, ಗಣಿತ 690ಕ್ಕೆ ಜಾರಿತು. ಅಕ್ಟೋಬರ್‌ನಲ್ಲಿ 700 ಮತ್ತು 720. ಯಾವ ದಿನವೂ ಮೊತ್ತ 1420ನ್ನು ದಾಟಲಿಲ್ಲ. ಆದರೂ ಅತ್ತಿಗೆ ಫೋನಿನಲ್ಲಿ, "ನಮ್ಮ ಹುಡುಗನಿಗೆ 1490 ಕಣಪ್ಪಾ" ಎಂದರು. ಇದು ಹೆತ್ತ ಕರುಳಿನ ಲೆಕ್ಕವಲ್ಲ. ಮಾರ್ಚ್‌ನ ಗಣಿತಕ್ಕೆ ಆಗಸ್ಟ್‌ನ ಇಂಗ್ಲಿಷನ್ನು ಕೂಡಿಸಿ ‘ಸೂಪರ್‌ಸ್ಕೋರ್’ ಎಂದು ಕರೆಯುವುದನ್ನು ಅಲ್ಲಿನ ಅನೇಕ ಕಾಲೇಜುಗಳೇ ಒಪ್ಪಿಕೊಂಡಿವೆ.

ಒಬ್ಬನೇ ವರನಿಗೆ ಮೂರು ಜನ್ಮಸಮಯ ಹೇಳಿ ಮೂರು ಕುಂಡಲಿ ಬರೆಸಿ, ಒಂದರಿಂದ ಗುರುಬಲವನ್ನೂ ಇನ್ನೊಂದರಿಂದ ದೋಷವಿಲ್ಲದ ಕುಜನನ್ನೂ ಆಯ್ದುಕೊಂಡು ಸಾಲಾವಳಿಗೆ ಕೂತರೆ ಊರ ಜೋಯಿಸರು ಪಂಚಾಂಗ ಮಡಚಿ ಎದ್ದುಹೋಗುತ್ತಾರೆ. ಅಮೆರಿಕದ ಪ್ರವೇಶಾಧಿಕಾರಿಗಳು ಅಷ್ಟು ಮಡಿವಂತರಲ್ಲ. ಎಸ್‌ಎಟಿಯ ದಾಯಾದಿಯಾದ ಎಸಿಟಿ ಪರೀಕ್ಷೆಯ ಗರಿಷ್ಠ ಅಂಕವೂ, ಜಾತಕ ಕೂಡಿಸುವಾಗಿನ ಗುಣಗಳಂತೆಯೇ, 36 ಎಂಬುದನ್ನು ಇಲ್ಲಿ ಸುಮ್ಮನೆ ಜ್ಞಾಪಿಸುತ್ತೇನೆ.

ಜಗಳವಿರುವುದು ಕಾಲೇಜುಗಳ ನಡುವೆ. ಎಂಐಟಿಯವರು ಪ್ರತಿ ವಿಭಾಗದ ಉತ್ತಮ ಅಂಕವನ್ನಷ್ಟೇ ಎತ್ತಿಕೊಳ್ಳುತ್ತಾರೆ. ಜಾರ್ಜ್‌ಟೌನ್‌ ವಿಶ್ವವಿದ್ಯಾಲಯದವರು ಬರೆದ ಪರೀಕ್ಷೆಗಳ ಅಂಕಗಳನ್ನೆಲ್ಲ ಕಳಿಸಿ ಎನ್ನುತ್ತಾರೆ, ಅಲ್ಲಿ ಮುಚ್ಚಿಡುವಂತಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರಂತೂ 2021ರಿಂದೀಚೆಗೆ ಪ್ರವೇಶ ನಿರ್ಧರಿಸುವಾಗ ಈ ಪರೀಕ್ಷೆಗಳ ಅಂಕಗಳತ್ತ ಕಣ್ಣೆತ್ತಿಯೂ ನೋಡುತ್ತಿಲ್ಲ.

ಕೊರೋನಾ ಕಾಲದಲ್ಲಿ ಬಹುತೇಕ ಕಾಲೇಜುಗಳು ಅಂಕ ಕಳಿಸುವುದು ಐಚ್ಛಿಕ ಎಂದವು. ನಮ್ಮ ಲಗ್ನಪತ್ರಿಕೆಯ ಕೊನೆಯಲ್ಲಿ "ಆಶೀರ್ವಾದವೇ ಉಡುಗೊರೆ" ಎಂದು ಅಚ್ಚಾಗಿರುತ್ತದಲ್ಲ, ಅದೇ ಧಾಟಿ. ಅದನ್ನು ನಂಬಿ ಬರಿಗೈಯಲ್ಲಿ ಛತ್ರದ ಮೆಟ್ಟಿಲು ಹತ್ತಿದವರು, ಮುಂದಿದ್ದವರೆಲ್ಲ ಜೇಬಿನಿಂದ ಕವರು ತೆಗೆಯುವುದನ್ನು ಕಂಡು ಸಾಲಿನಲ್ಲೇ ಬೆವರುತ್ತಾರೆ. ಎಂಐಟಿ 2022ರಲ್ಲಿ, ಡಾರ್ಟ್‌ಮತ್ ಕಾಲೇಜು 2024ರಲ್ಲಿ ಅಂಕದ ಉಡುಗೊರೆ ಕಡ್ಡಾಯವೆಂದು ಬಾಯಿಬಿಟ್ಟೇ ಹೇಳಿದವು. ಕನಿಷ್ಠ ಮುಚ್ಚುಮರೆಯಿಲ್ಲ.

ಈ ಕೂಡಿಕೆಯಲ್ಲಿ ಯಾರಿಗೆ ಎಷ್ಟು ಸಲ ಕೂಡಿಸಲು ಸಿಗುತ್ತದೆ ಎಂಬುದನ್ನೂ ನೋಡಬೇಕು. ಒಂದು ಬಾರಿಯ ಶುಲ್ಕವೇ 68 ಡಾಲರ್ ಆಸುಪಾಸು. ಕೋಚಿಂಗ್‌ನ ಖರ್ಚು ಬೇರೆ. ಬಡ ವಿದ್ಯಾರ್ಥಿಗಳಿಗೆ ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್ ಎರಡು ಬಾರಿ ಶುಲ್ಕ ಬಿಡುತ್ತದೆ. ಅಂದರೆ ಅವರ ಸೂಪರ್‌ಸ್ಕೋರ್ ಪರೀಕ್ಷೆಯ ಎರಡು ಶನಿವಾರಗಳಿಂದ ಕಡೆದ ಬೆಣ್ಣೆ, ಉಳ್ಳವರದ್ದು ಆರು ಶನಿವಾರಗಳದ್ದು. ಇಬ್ಬರ ಅರ್ಜಿಯೂ ಒಂದೇ ಮೇಜಿನ ಮೇಲೆ ಕೂತಾಗ ಬೆಣ್ಣೆಯ ತೂಕ ಕಾಣುತ್ತದೆ, ಶನಿವಾರಗಳ ಎಣಿಕೆ ಕಾಣುವುದಿಲ್ಲ.

ನಾವು ದೂರದಿಂದ ನಗುವಂತೆಯೂ ಇಲ್ಲ. ನಮ್ಮಲ್ಲೇ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಾಗಿ, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಬಂದಿದೆ.

ಕಳೆದ ಭಾನುವಾರದ ವಿಡಿಯೋ ಕರೆಯಲ್ಲಿ ನಮ್ಮ ಅಮ್ಮ ಮೊಮ್ಮಗನನ್ನೇ ಹಿಡಿದು, "ಅದೆಲ್ಲ ಇರಲಿ ಮಗಾ, ನಿನಗೆ ಬಂದದ್ದು ಎಷ್ಟು?" ಎಂದು ಕೇಳಿದರು. ಹುಡುಗ ಲ್ಯಾಪ್‌ಟಾಪ್‌ನಲ್ಲಿದ್ದ ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ವಿನಯದಿಂದಲೇ ಮರುಪ್ರಶ್ನೆ ಹಾಕಿದ: "ಯಾವ ಕಾಲೇಜಿಗೆ, ಅಜ್ಜಿ?"