ಇನ್ನೋವಾ, ಅಥವಾ ಅದರಂಥದ್ದು

ಅಕ್ಕನ ಮಗನಿಗೆ ಹೆಣ್ಣು ನೋಡಲು ಹಾವೇರಿಗೆ ಹೋಗುವುದಿತ್ತು. ಮನೆಯವರು ಏಳು ಮಂದಿ. ಹುಬ್ಬಳ್ಳಿಯಿಂದ 75 ಕಿಲೋಮೀಟರ್ ಆಸುಪಾಸು, ಬಸ್ಸಿಗೆ ಹೋದರೂ ನಡೆಯುತ್ತಿತ್ತು. ಆದರೆ ಕಾಕಾ ಆಗಲೇ ಹೆಣ್ಣಿನ ಕಡೆಯವರಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದರು, "ಇನ್ನೋವಾ ಮಾಡ್ಕೊಂಡು ಬರ್ತೀವ್ರಿ."

ಡ್ರೈವರ್ ಕರೆದರೆ ಎಂಟನೆಯವನಾಗುತ್ತಾನೆ. ಹಾಗಾಗಿ ಸೆಲ್ಫ್ ಡ್ರೈವ್. ಓಡಿಸುವವನು ನಾನು. ಮುಂದಿನ ಸೀಟು ಕಾಕಾಂದು, ಅದರಲ್ಲಿ ಚರ್ಚೆ ಇಲ್ಲ. ಅವ್ವನ ಮೊಣಕಾಲು ಮಡಚುವುದಿಲ್ಲ. ನಡುವಿನ ಸಾಲಿನಲ್ಲಿ ಕುರ್ಚಿಯ ಹಾಗೆ ಒಂಟಿ ಸೀಟಿರುವ ಇನ್ನೋವಾ ಕ್ರಿಸ್ಟಾನೇ ಬೇಕು ಎಂದದ್ದಕ್ಕೆ ಬರೀ ದೌಲತ್ತು ಕಾರಣವಲ್ಲ. ದೌಲತ್ತೂ ಇತ್ತು ಅನ್ನಿ.

ಹದಿನೈದು ದಿನ ಮೊದಲೇ ಬುಕ್ ಮಾಡಿದೆ. ಏಜೆನ್ಸಿಯ ಹುಡುಗ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ಬಿಳಿ ಕ್ರಿಸ್ಟಾ, ತೊಳೆದು ಒರೆಸಿ ನಿಲ್ಲಿಸಿದ್ದು. ಹಿಂದೆ ಹಿಮದ ಬೆಟ್ಟ. ನಮ್ಮ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಮೇಲೆ ಹಿಮ ಬಿದ್ದದ್ದನ್ನು ನಾನಂತೂ ಕಂಡಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಮನೆಯ ಗ್ರೂಪಿಗೆ ಫೋಟೋ ಹಾಕಿದೆ. ಕಾಕಾ ಅದನ್ನು ಹಾವೇರಿಗೂ ದಾಟಿಸಿದರು.

ಹೋಗುವ ದಿನ ಬೆಳಗ್ಗೆ ಐದೂವರೆಗೆ ಒಬ್ಬನೇ ಗಾಡಿ ತರಲು ಹೋದೆ. ಅಲ್ಲಿ ಒಂದು ಎರ್ಟಿಗಾ ನಿಂತಿತ್ತು.

"ಇನ್ನೋವಾ ಎಲ್ಲೈತಪಾ?"

"ಅದು ರಾತ್ರಿನ ಬರಬೇಕಿತ್ರಿ ಸರ. ತಗೊಂಡು ಹೋದಾವ್ರು ಗೋಕರ್ಣದಾಗ ಒಂದಿನ ಜಾಸ್ತಿ ನಿಂತಾರ್ರಿ."

"ನಾ ಇನ್ನೋವಾ ಬುಕ್ ಮಾಡಿದ್ದೆ."

"ಹೌದ್ರಿ. ರಸೀದಿ ನೋಡ್ರಿ ಸರ."

ನೋಡಿದೆ. ಮೊಬೈಲಿನಲ್ಲಿ ಎರಡು ಬೆರಳಿಂದ ಎಳೆದು ಎಳೆದು ದೊಡ್ಡದು ಮಾಡಿ ನೋಡಿದೆ. ಇನ್ನೋವಾ ಕ್ರಿಸ್ಟಾ ಎಂದು ದಪ್ಪಗೆ ಬರೆದಿತ್ತು. ಅದರ ಬಾಲಕ್ಕೆ, ಇರುವೆ ಸಾಲಿನ ಹಾಗೆ, ಎರಡು ಇಂಗ್ಲಿಷ್ ಪದ: ಆರ್ ಸಿಮಿಲರ್. ಅಥವಾ ಅದರಂಥದ್ದು.

"ಇದೂ ಸೆವೆನ್ ಸೀಟರ್, ಅದೂ ಸೆವೆನ್ ಸೀಟರ್. ಇದೂ ವೈಟ್, ಅದೂ ವೈಟ್. ಮತ್ತೇನ್ ಬೇಕ್ರಿ ಸರ?" ಅಂದ.

ಹುಡುಗನನ್ನು ಬೈದು ಪ್ರಯೋಜನವಿಲ್ಲ. ಈ ಮಂತ್ರ ಅವನು ಹುಟ್ಟಿಸಿದ್ದಲ್ಲ. ಜಗತ್ತಿನ ತುಂಬ ಕಾರು ಬಾಡಿಗೆ ಅಂಗಡಿಗಳು ನಡೆಯುವುದೇ ಇದರ ಮೇಲೆ. ನಾವು ಬುಕ್ ಮಾಡುವುದು ಕಾರನ್ನಲ್ಲ, ಕಾರಿನ ಜಾತಿಯನ್ನು. ದೊಡ್ಡ ಕಂಪನಿಗಳಲ್ಲಿ ಅದಕ್ಕೆ ಅಕ್ರಿಸ್ ಎಂಬ ನಾಲ್ಕಕ್ಷರದ ಕೋಡ್ ಇದೆ. ಮೊದಲಕ್ಷರ ಗಾಡಿ ಎಷ್ಟು ದೊಡ್ಡದು, ಎರಡನೆಯದು ಎಂಥ ಬಾಡಿ, ಮೂರನೆಯದು ಗೇರು, ನಾಲ್ಕನೆಯದು ಇಂಧನ ಮತ್ತು ಏಸಿ. 'ಸಿಡಿಎಂಆರ್' ಅಂದರೆ ಕಾಂಪ್ಯಾಕ್ಟ್ ಗಾತ್ರ, ನಾಲ್ಕೈದು ಬಾಗಿಲು, ಕೈ ಗೇರು, ಏಸಿ. ಮುಗೀತು. ಕಾರಿನ ಹೆಸರಿಗೆ ಆ ನಾಲ್ಕರಲ್ಲಿ ಒಂದಕ್ಷರವೂ ಮೀಸಲಿಲ್ಲ. ಹೆಸರು ಇರುವುದು ಫೋಟೋದಲ್ಲಿ ಮಾತ್ರ. ವಧು-ವರರ ಕೇಂದ್ರದವರು ಈ ಪದ್ಧತಿ ಇನ್ನೂ ಕಲಿತಿಲ್ಲ ಎನ್ನುವುದೇ ನಮ್ಮ ಪುಣ್ಯ.

ಅಂಗಡಿಯವರ ಕಷ್ಟ ಅರ್ಥವಾಗುತ್ತದೆ, ಇಲ್ಲ ಅನ್ನುವುದಿಲ್ಲ. ಹಿಂದಿನ ಗಿರಾಕಿ ತಡವಾಗಿ ಬರುತ್ತಾನೆ. ಬಂದರೂ ಬಂಪರ್ ಒಡೆದುಕೊಂಡು ಬರುತ್ತಾನೆ. ಲಗ್ನದ ಸೀಜನ್ನಿನಲ್ಲಂತೂ ಇಡೀ ಊರಿಗೆ ಬಿಳಿ ಇನ್ನೋವಾನೇ ಬೇಕು. ನೂರಾರು ಗಾಡಿ ಇರುವ ಕಂಪನಿಗೆ ಒಂದು ಇಲ್ಲದಿದ್ದರೆ ಅಂಥದ್ದೇ ಇನ್ನೊಂದು ಇರುತ್ತದೆ. ಬಾಡಿಗೆ ಗಾಡಿಗಳ ಬಗ್ಗೆ ಕೇಂದ್ರ ಸರ್ಕಾರ 1989ರಲ್ಲಿ ಮಾಡಿದ ಸ್ಕೀಮಿನಲ್ಲಿ ಲೈಸೆನ್ಸ್ ಬೇಕಾದರೆ ಕನಿಷ್ಠ 50 ಗಾಡಿ ಇರಬೇಕು ಎಂದಿರುವುದೂ ಸುಮ್ನೆ ಅಲ್ಲ. ಈ ಅಂಗಡಿಯ ಗೋಡೆಯ ಮೇಲೆ ಮೊಳೆ ಮೂರು. ಎರಡು ಖಾಲಿ. ಮೂರನೆಯದಕ್ಕೆ ಎರ್ಟಿಗಾದ ಕೀಲಿ ನೇತಾಡುತ್ತಿತ್ತು. ಅದೇ ಇನ್ನೋವಾ, ಅದೇ ಸಿಮಿಲರ್, ಅದೇ ಇಡೀ ಕಂಪನಿ.

ನಮ್ಮ ಊರಿನಲ್ಲಿ ಬೇರೆ ಯಾರಾದರೂ ಹೀಗೆ ಮಾಡಿ ಬದುಕುತ್ತಾರಾ? ದುರ್ಗದ ಬೈಲಿನಲ್ಲಿ ಗಿರಮಿಟ್ ಕೇಳಿದವನ ಕೈಗೆ ಚೂಡಾ ಕೊಟ್ಟು, "ಎರಡೂ ಚುರುಮರಿನ ಅಲ್ಲೇನ್ರಿ" ಅಂದು ನೋಡಲಿ. ಸಂಜೆಗೆ ಬಂಡಿಯ ಗಾಲಿಯೂ ಸಿಗಲಿಕ್ಕಿಲ್ಲ. ಅಷ್ಟೇಕೆ, 1962ರಲ್ಲಿ ಹುಬ್ಬಳ್ಳಿಯನ್ನೂ ಧಾರವಾಡವನ್ನೂ 'ಎರಡೂ ಒಂದೇ ತರ' ಅಂತ ಸೇರಿಸಿ ಒಂದು ಪಾಲಿಕೆ ಮಾಡಿದರು. ಧಾರವಾಡದವರು ಅರವತ್ತು ವರ್ಷ ಮುಖ ಸಿಂಡರಿಸಿಕೊಂಡೇ ಇದ್ದರು. ಕೊನೆಗೆ 2025ರಲ್ಲಿ ಸರ್ಕಾರವೇ ಧಾರವಾಡಕ್ಕೆ ಬೇರೆ ಪಾಲಿಕೆ ಎಂದು ಒಪ್ಪಿತು. ಇಡೀ ಸರ್ಕಾರದ ಸಿಮಿಲರೇ ಇಲ್ಲಿ ನಡೆಯಲಿಲ್ಲ.

ಬಾಡಿಗೆಯ ಮಾತು ತೆಗೆದೆ. "ಇನ್ನೋವಾ ರೇಟು ತಗೊಂಡೀರಿ. ಉಳಿದದ್ದು ವಾಪಸ್ ಕೊಡ್ರಿ."

"ಮುಂದಿನ ಬುಕಿಂಗಿನ್ಯಾಗ ಅಡ್ಜಸ್ಟ್ ಮಾಡೋಣ್ರಿ ಸರ."

ಡಿಪಾಜಿಟ್ಟು 5,000 ರೂಪಾಯಿ ಇನ್ನೂ ಕೊಡುವುದಿತ್ತು. 500ರ ಆರು ನೋಟು ಎಣಿಸಿ ಇಟ್ಟೆ. ಹುಡುಗ ಎರಡು ಸಲ ಎಣಿಸಿದ. "ಸರ, ಇದು ಮೂರೇ ಐತ್ರಿ." "ಐದು ಸಾವಿರ, ಅಥವಾ ಅದರಂಥದ್ದು" ಅಂದೆ. "ಅದರಾಗೂ ಗಾಂಧೀಜಿ, ಇದರಾಗೂ ಗಾಂಧೀಜಿ." ಅವನಿಗೆ ನಗು ಬರಲಿಲ್ಲ. ಉಳಿದ ನಾಲ್ಕು ನೋಟು ಕೈಗೆ ಬರುವ ತನಕ ಕೀಲಿ ಮೊಳೆಯಿಂದ ಇಳಿಯಲಿಲ್ಲ.

ಇನ್ನೊಂದು ವಿಷಯದಲ್ಲೂ ಸಿಮಿಲರ್ ನಡೆಯುವುದಿಲ್ಲ. ಗೀರು. ಹುಡುಗ ಮೊಬೈಲ್ ಟಾರ್ಚ್ ಹಚ್ಚಿ ಗಾಡಿಯ ಸುತ್ತ ಪ್ರದಕ್ಷಿಣೆ ಹಾಕುತ್ತಾ ವಿಡಿಯೋ ಮಾಡಿದ. ಬಲಗಡೆ ಹಿಂದಿನ ಬಾಗಿಲು, ಹಿಡಿಕೆಯ ಕೆಳಗೆ, ಉಗುರಿನಷ್ಟು. ಎಡ ಮಡ್‌ಗಾರ್ಡ್, ಕಡ್ಡಿಯಷ್ಟು. ಹಿಂದಿನ ಬಂಪರ್, ಎರಡು, ಒಂದು ಹಳೆಯದು, ಒಂದು ಅದಕ್ಕಿಂತ ಹಳೆಯದು. ಒಟ್ಟು ಹದಿನಾಲ್ಕು ಗೀರು, ಒಂದೊಂದಕ್ಕೂ ನನ್ನಿಂದ ಹ್ಞೂಂ ಅನ್ನಿಸಿಕೊಂಡ. ಯಾವ ಕಾರು ಎಂಬುದು ಮುಖ್ಯವಲ್ಲ. ಯಾವ ಗೀರು ಎಂಬುದು ಬಹಳ ಮುಖ್ಯ. ಹದಿನೈದನೆಯದೊಂದು ಕಂಡರೆ, "ಇದೂ ಹದಿನಾಲ್ಕರಂಥದ್ದೇ" ಅಂತ ಅವನು ಬಿಡುತ್ತಾನಾ?

ಆ ಪ್ರದಕ್ಷಿಣೆಯಲ್ಲೇ ನನಗೆ ನಂಬರ್ ಪ್ಲೇಟು ಕಂಡದ್ದು. ಸೆಲ್ಫ್ ಡ್ರೈವ್ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟು, ಹಳದಿ ಅಕ್ಷರ. ಟ್ಯಾಕ್ಸಿಗೆ ಹಳದಿ ಪ್ಲೇಟು, ಕಪ್ಪಕ್ಷರ. ಇದು ಬಿಳಿ. ಅಂದರೆ ಯಾರದೋ ಮನೆಯ ಗಾಡಿ. ಅದನ್ನು ಬಾಡಿಗೆಗೆ ಬಿಡುವಂತಿಲ್ಲ. ದಾರಿಯಲ್ಲಿ ಏನಾದರೂ ಆದರೆ ಇನ್ಶೂರೆನ್ಸಿನವರು ಕೈ ಎತ್ತಿಬಿಡಬಹುದು.

"ಇದು ವೈಟ್ ಬೋರ್ಡ್ ಐತಲ್ಲೋ?"

"ಏನಾಗಂಗಿಲ್ರಿ ಸರ. ಯಾರರೆ ಕೇಳಿದ್ರ ನಮ್ಮ ಕಾಕಾಂದು ಅನ್ರಿ."

ಗಾಡಿಗೆ ಬದಲಿ ಗಾಡಿ ಆಯಿತು. ಈಗ ಸಂಬಂಧಕ್ಕೂ ಬದಲಿ. ಬಿಟ್ಟು ಬರಬೇಕಿತ್ತು, ಒಪ್ಪುತ್ತೇನೆ. ಆದರೆ ಆರು ಗಂಟೆಗೆ ಆರು ಮಂದಿ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ. ಬಿಟ್ಟು ಎಲ್ಲಿಗೆ ಹೋಗಲಿ? ಏಜೆನ್ಸಿಗಳ ಇಡೀ ವ್ಯಾಪಾರ ನಿಂತಿರುವುದೇ ಈ ಆರು ಗಂಟೆಯ ಮೇಲೆ.

ಬುದ್ಧಿ ಇದ್ದವರು ಏನು ಮಾಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಮಾಡೆಲ್ ಹೆಸರಲ್ಲ, ಗಾಡಿಯ ನಂಬರನ್ನೇ ರಸೀದಿಯಲ್ಲಿ ಬರೆಸಿಕೊಳ್ಳುತ್ತಾರೆ. ಸಿಗದಿದ್ದರೆ ಎಷ್ಟು ವಾಪಸ್ ಅಂತಲೂ ಬರೆಸುತ್ತಾರೆ. ಹಿಂದಿನ ದಿನ ಸಂಜೆಯೇ ಗಾಡಿ ತಂದು ಮನೆ ಮುಂದೆ ನಿಲ್ಲಿಸಿಕೊಳ್ಳುತ್ತಾರೆ. ಒಂದು ರಾತ್ರಿಯ ಬಾಡಿಗೆ ಜಾಸ್ತಿ ಹೋಗುತ್ತದೆ, ಮರ್ಯಾದೆ ಉಳಿಯುತ್ತದೆ. ಇನ್ನೂ ಬುದ್ಧಿ ಇದ್ದವರು ಬಸ್ಸಿಗೆ ಹೋಗುತ್ತಾರೆ.

ಮನೆ ಮುಂದೆ ಗಾಡಿ ನಿಲ್ಲಿಸಿದೆ. ಕಾಕಾ ಹೊರಗೆ ಬಂದರು. ಗಾಡಿ ನೋಡಿದರು. ನನ್ನ ಹಿಂದೆ ಇನ್ನೊಂದು ಗಾಡಿ ಬರುತ್ತಿದೆಯೇನೋ ಎಂದು ಓಣಿಯ ತುದಿಯ ತನಕ ನೋಡಿದರು. ಆಮೇಲೆ ಒಂದು ಮಾತೂ ಆಡದೆ ಮುಂದಿನ ಸೀಟಿನಲ್ಲಿ ಕೂತರು.

ಎರ್ಟಿಗಾ ಕೆಟ್ಟ ಗಾಡಿಯಲ್ಲ. ಮೂರೂ ಸಾಲು ತುಂಬಿದರೆ ಹಿಂದೆ ಉಳಿಯುವುದು 209 ಲೀಟರ್ ಜಾಗ, ಅಷ್ಟೇ. ಅದರಲ್ಲಿ ಹಣ್ಣಿನ ಬುಟ್ಟಿ ಕೂತಿತು. ಅವ್ವನ ರೊಟ್ಟಿ ಡಬ್ಬಿ ಅಕ್ಕನ ಕಾಲ ಕೆಳಗೆ, ಫೇಡೆಯ ಬಾಕ್ಸು ಅವಳ ತೊಡೆಯ ಮೇಲೆ. ನೋಡಲು ಹೊರಟ ವರ ನಮ್ಮ ಮಾವನ ಜೊತೆ ಕೊನೆಯ ಸಾಲಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತ. ಅವ್ವ ನಡುವೆ ಅಡ್ಡಕ್ಕೆ ಕಾಲು ಚಾಚಿದಳು. ನನ್ನ ಹೆಂಡತಿ ಬಾಗಿಲಿಗೆ ಅಂಟಿಕೊಂಡಳು.

ತಡಸ ಕ್ರಾಸ್ ಹತ್ತಿರ ಪೊಲೀಸರು ಕೈ ಅಡ್ಡ ಮಾಡಿದರು. ಗಾಜು ಇಳಿಸಿದೆ.

"ಗಾಡಿ ಯಾರದ್ರಿ?"

"ನಮ್ಮ ಕಾಕಾಂದ್ರಿ ಸರ."

ಅವರು ಬಗ್ಗಿ ಒಳಗೆ ನೋಡಿದರು. ಮುಂದಿನ ಸೀಟಿನಲ್ಲಿ ರುಮಾಲು ಸುತ್ತಿಕೊಂಡು ಕಾಕಾ ಕೂತಿದ್ದರು.

"ಅಜ್ಜಾರ, ಗಾಡಿ ನಿಮ್ದೇನ್ರಿ?"

ಕಾಕಾ ಬೆಳಗ್ಗೆ ಆರರಿಂದ ಬಾಯಿ ಬಿಟ್ಟಿರಲಿಲ್ಲ.

"ನಂದಾಗಿದ್ರ ಇನ್ನೋವಾನ ತಗೋತಿದ್ದೆ, ತಮ್ಮಾ."