ಭೀಮಥಡಿ ಕುದುರೆಯ ಜೊತೆ ನಾಲ್ಕು ದಿನ ನಡೆಯೋಣ ಬನ್ನಿ

ಪುಣೆಯ ನಮ್ಮ ಕನ್ನಡ ಗೆಳೆಯರಲ್ಲಿ ಈಗ ಕುದುರೆ ಟ್ರೆಕ್ಕಿನ ಮಾತು ಜೋರಾಗಿದೆ. ಒಬ್ಬರಿಗೆ ಹಿಮಾಚಲದ ಸ್ಪಿತಿಗೆ ಹೋಗಿ ಅಲ್ಲಿನ ಚುಮುರ್ತಿ ಕುದುರೆ ಹತ್ತುವಾಸೆ. ಇನ್ನೊಬ್ಬರ ಕಣ್ಣು ಐಸ್‌ಲ್ಯಾಂಡ್ ಮೇಲೆ. ಹೋಗಿ ಬನ್ನಿ, ಖುಷಿಯೇ. ಆದರೆ ಅಷ್ಟೇ ಗಟ್ಟಿ ತಳಿಯೊಂದು ನಮ್ಮ ಪಕ್ಕದಲ್ಲೇ, ಭೀಮಾ ಮತ್ತು ನೀರಾ ನದಿಗಳ ಬಯಲಲ್ಲಿದೆ. ಅದೇ ಭೀಮಥಡಿ, ದಖನಿ ಕುದುರೆ. ಅದರ ಜೊತೆ ನಾಲ್ಕು ದಿನ ಬಯಲು ಸುತ್ತಿಸುವ ಪ್ರವಾಸ ಇಲ್ಲೇ ಶುರುವಾಗಬೇಕು, ಮತ್ತು ಅದನ್ನು ನಡೆಸುವವರು ಇಲ್ಲಿನ ಕುರಿಗಾಹಿಗಳಾದ ಧನಗರರೇ ಆಗಬೇಕು. ಇದನ್ನು ಎಲ್ಲರಿಗೂ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮರಾಠರ ಸೈನ್ಯ ದೂರ ದೂರ ಓಡಾಡಿದ್ದು ಇಂಥ ಸಣ್ಣ ಕುದುರೆಗಳ ಮೇಲೆ. ಎತ್ತರ ಕಡಿಮೆ, ಗೊರಸು ಗಟ್ಟಿ, ಒಣ ಹುಲ್ಲಿನಲ್ಲೂ ಬದುಕುವ ಜೀವ. ದಂಡು ಹೋಯಿತು, ಕುದುರೆ ಕುರಿಗಾಹಿಗಳ ಬಳಿ ಉಳಿಯಿತು. ಇತ್ತೀಚೆಗೆ ಸರ್ಕಾರ ಇದಕ್ಕೆ ಪ್ರತ್ಯೇಕ ತಳಿಯ ಮಾನ್ಯತೆಯನ್ನೂ ಕೊಟ್ಟಿದೆ. ಒಳ್ಳೆಯದಾಯಿತು. ಆದರೆ ಮಾನ್ಯತೆಯ ಕಾಗದದಿಂದ ಕುದುರೆಗೆ ಮೇವು ಸಿಗುವುದಿಲ್ಲವಲ್ಲ! ಧನಗರರ ಸಾಮಾನು ಈಗ ಟೆಂಪೋದಲ್ಲಿ ಹೋಗುವುದನ್ನು ನಾನೇ ನೋಡುತ್ತಿದ್ದೇನೆ. ಕೆಲಸವಿಲ್ಲದ ಕುದುರೆಯನ್ನು ಬಡವ ಎಷ್ಟು ದಿನ ಸಾಕಿಯಾನು?

ನಾನು ಇಂಡಿ ತಾಲ್ಲೂಕಿನವನು. ಇದೇ ಭೀಮೆ ಹರಿದು ಬಂದು ನಮ್ಮ ಹೊಲಗಳಿಗೂ ನೀರು ಕೊಡುತ್ತಾಳೆ. ಚಿಕ್ಕಂದಿನಲ್ಲಿ ಕುರುಬರ ಹಿಂಡಿನ ಹಿಂದೆ ಇಂಥ ಕುದುರೆಗಳು ಬರುತ್ತಿದ್ದವು. ಬೆನ್ನ ಮೇಲೆ ಪಾತ್ರೆ, ಕಂಬಳಿ, ಆಗ ತಾನೇ ಹುಟ್ಟಿದ ಕುರಿಮರಿ, ಎಲ್ಲದರ ಮೇಲೆ ಕಾಲು ಕಟ್ಟಿದ ಒಂದು ಕೋಳಿ. ದೊಡ್ಡವರು ಪಕ್ಕದಲ್ಲಿ ನಡೆಯುತ್ತಿದ್ದರು. ಬಾರಾಮತಿ, ಫಲಟಣ ಕಡೆಯ ಧನಗರರೂ ಹೀಗೇ. ಮಳೆಗಾಲಕ್ಕೆ ಬಯಲುಸೀಮೆ. ದೀಪಾವಳಿ ಕಳೆದ ಮೇಲೆ ಘಟ್ಟ ಇಳಿದು ಕೊಂಕಣ. ಅಲ್ಲಿ ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುತ್ತಾರೆ. ಮಳೆ ಬರುವ ಮೊದಲು ವಾಪಸ್ಸು. ದಾರಿ, ನೀರು, ಹುಲ್ಲು ಎಲ್ಲಿದೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲ ಗೈಡ್ ಯಾರಿದ್ದಾರೆ ಹೇಳಿ?

ಈಗ ಕಷ್ಟದ ಮಾತು. ಮುಂಬೈ ಹತ್ತಿರದ ಗಿರಿಧಾಮವೊಂದರಲ್ಲಿ ಸಣ್ಣ ಕುದುರೆಯೊಂದರ ಮೇಲೆ ದಢೂತಿ ಮನುಷ್ಯನೊಬ್ಬ ಕೂತಿದ್ದನ್ನು ನೋಡಿದೆ. ಜೀನಿನ ಕೆಳಗೆ ಹುಣ್ಣು, ಅದರ ಮೇಲೆ ನೊಣ. ಯಾರೂ ಏನೂ ಅನ್ನಲಿಲ್ಲ. ನಮ್ಮಲ್ಲಿ 1965ರಿಂದಲೇ ಕೇಂದ್ರದ ನಿಯಮ ಇದೆ. ತಟ್ಟುವಿನ ಬೆನ್ನ ಮೇಲೆ ಹೇರು 70 ಕಿಲೋ ದಾಟಬಾರದು. ದಿನಕ್ಕೆ 9 ಗಂಟೆಗಿಂತ ಜಾಸ್ತಿ ದುಡಿಸಬಾರದು. ಬಿಸಿಲು 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸವೇ ಇಲ್ಲ. ಜೀನೇ 8-10 ಕಿಲೋ ತೂಗುತ್ತದೆ. ನಮ್ಮಲ್ಲಿ ಎಷ್ಟು ಜನ 60 ಕಿಲೋ ಒಳಗಿದ್ದೇವೆ? ಕುದುರೆಯ ತೂಕದ ಐದನೇ ಒಂದು ಪಾಲು ಹೊರೆ ಸಾಕು ಅನ್ನೋದು ಸವಾರರ ಸಾಮಾನ್ಯ ಲೆಕ್ಕ. 250 ಕಿಲೋ ತೂಗುವ ಕುದುರೆಗೆ ಅದು 50 ಕಿಲೋ, ಜೀನೂ ಸೇರಿ!

ಹೊರಗಿನವರು ಇದನ್ನು ಹೇಗೆ ನಡೆಸುತ್ತಾರೆ ನೋಡಿ. ಮಂಗೋಲಿಯಾದಲ್ಲಿ 2009ರಿಂದ 1,000 ಕಿಲೋಮೀಟರಿನ ಮಂಗೋಲ್ ಡರ್ಬಿ ಇದೆ. ಅಲ್ಲಿ ಸುಮಾರು 40 ಕಿಲೋಮೀಟರಿಗೊಮ್ಮೆ ಕುದುರೆ ಬದಲಿಸಬೇಕು. ಪಶುವೈದ್ಯರು ಎದೆಬಡಿತ ಎಣಿಸುತ್ತಾರೆ. ಆ ಬಡಿತ ಹೊತ್ತಿಗೆ ಸರಿಯಾಗಿ ಇಳಿಯದಿದ್ದರೆ ಸವಾರನಿಗೇ ದಂಡ. ಐಸ್‌ಲ್ಯಾಂಡಿನ ದೊಡ್ಡ ಪ್ರವಾಸಗಳಲ್ಲಿ ಖಾಲಿ ಕುದುರೆಗಳ ಹಿಂಡೂ ಜೊತೆಗೇ ಓಡುತ್ತದೆ, ಸವಾರರು ದಾರಿಯಲ್ಲಿ ಬದಲಿಸಿಕೊಳ್ಳುತ್ತಾರೆ. ಅಂಥ ಗಟ್ಟಿ ತಳಿಗಳಿಗೇ ಇಷ್ಟು ಜೋಪಾನ.

ಹಾಗಾಗಿ ನನ್ನ ಆಸೆಯ ಪ್ರವಾಸದಲ್ಲಿ ನಡಿಗೆಯೇ ಜಾಸ್ತಿ. ಗುಡಾರ, ಅಡುಗೆ ಸಾಮಾನು ಕುದುರೆ ಹೊರುತ್ತದೆ. ಮಕ್ಕಳು, ಹಗುರ ಮೈಯವರು ಸರದಿಯಲ್ಲಿ ಹತ್ತಲಿ. ಹೊರಡುವ ಮೊದಲು ತೂಕ ನೋಡಬೇಕು, ಯಾರಿಗೂ ವಿನಾಯಿತಿ ಬೇಡ. ಮಳೆ ನಿಂತ ಮೇಲೆ, ಧನಗರರು ಘಟ್ಟ ಇಳಿಯುವ ಮೊದಲು ಮಾತ್ರ. ಇಂದಾಪುರ, ಬಾರಾಮತಿ ಕಡೆಯ ಹುಲ್ಲುಗಾವಲು ಸಾಕಷ್ಟು ದೊಡ್ಡದು. ತೋಳ, ಚಿಂಕಾರ, ನರಿ ಎಲ್ಲ ಇವೆ. ಅರಣ್ಯ ಇಲಾಖೆ ಅಲ್ಲಿ ವಾಹನದ ಸಫಾರಿ ನಡೆಸುತ್ತಿದೆ. ಕಾಯ್ದಿಟ್ಟ ಜಾಗದೊಳಗೆ ಕುದುರೆ ಒಯ್ಯಲು ಅವರ ಒಪ್ಪಿಗೆ ಬೇಕೇ ಬೇಕು. ಅದರ ಸುತ್ತಲಿನ ಹಳ್ಳಿ ದಾರಿಗಳಿಂದ ಶುರು ಮಾಡಿದರೂ ಆದೀತು.

ದುಡ್ಡಿನ ವಿಷಯವನ್ನು ಮೊದಲೇ ಮಾತಾಡಿಕೊಳ್ಳಬೇಕು. ಪುಣೆಯ ಕಂಪನಿಯೊಂದು ಬುಕಿಂಗ್ ಮಾಡಿ, ಧನಗರರಿಗೆ ದಿನಗೂಲಿ ಕೊಟ್ಟು ಮುಗಿಸಿದರೆ ನಾನು ಆ ಕಡೆ ತಲೆಯೂ ಹಾಕುವುದಿಲ್ಲ. ಕುದುರೆ ಅವರದು, ದಾರಿ ಅವರದು, ದೊಡ್ಡ ಪಾಲೂ ಅವರದಾಗಬೇಕು. ಕುದುರೆ ದಣಿದಿದೆ, ಇವತ್ತು ಹೊರಡಲ್ಲ ಅಂತ ಆ ಮನೆಯ ಅಜ್ಜಿ ಹೇಳಿದರೆ ಅದೇ ಕೊನೆಯ ಮಾತು.

ಇಂಥ ಕುಟುಂಬಗಳ ಪರಿಚಯ ಇರುವವರು, ಕುದುರೆ ಬಲ್ಲ ಪಶುವೈದ್ಯರು ನಿಮ್ಮಲ್ಲಿದ್ದರೆ ದಯವಿಟ್ಟು ನನಗೆ ತಿಳಿಸಿ. ದೀಪಾವಳಿ ಆಗಿ ಅವರು ಘಟ್ಟ ಇಳಿಯುವ ಮೊದಲು ಅವರ ವಾಡಾಕ್ಕೇ, ಅಂದರೆ ಅವರ ಬೀಡಿಗೇ ಹೋಗಿ, ಇದು ಅವರಿಗೆ ಬೇಕಾ ಅಂತ ಕೇಳಿ ಬರೋಣ.